ಗಂಟೆಗೆ ಎಂಬತ್ತು ಜ್ಲೋಟಿ

ಅಕ್ಟೋಬರ್ 14, ಸೋಮವಾರ

ಇವತ್ತು ಡೈರೆಕ್ಟರು ನಮ್ಮ ಹೆರಿಗೆ ವಿಭಾಗದ ಆರು ಮಂದಿ ಸೂಲಗಿತ್ತಿಯರನ್ನೂ ಊಟದ ಕೋಣೆಗೆ ಕರೆಸಿ ಸೇಬಿನ ಕೇಕು ಹಂಚಿದರು. ಯಾರ ಹುಟ್ಟುಹಬ್ಬವೂ, ಹೆಸರಿನ ಹಬ್ಬವೂ ಅಲ್ಲದ ದಿನ ಆಸ್ಪತ್ರೆಯಲ್ಲಿ ಕೇಕು ಬಂತೆಂದರೆ ಸುದ್ದಿ ಕೆಟ್ಟದ್ದೇ. ಪಕ್ಕದಲ್ಲಿ ಕೂತಿದ್ದ ಲುಟ್ಸಿನಾ, "ಬೇಗ ತಿನ್ನೇ, ಮಾತು ಶುರುವಾದ್ಮೇಲೆ ಗಂಟಲಲ್ಲಿ ಇಳಿಯಲ್ಲ" ಅಂದಳು. ಮೂವತ್ತೆಂಟು ವರ್ಷದಿಂದ ಇದೇ ಕಟ್ಟಡದಲ್ಲಿ ಹೆರಿಗೆ ಮಾಡಿಸುತ್ತಿರುವವಳು ಅವಳು. ಅವಳ ಮೂಗಿಗೆ ಎಲ್ಲವೂ ಮೊದಲೇ ತಿಳಿಯುತ್ತದೆ.

ವಿಷಯ ಇಷ್ಟು. ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಆದದ್ದು ಒಂಬತ್ತು ಹೆರಿಗೆ. ಒಂಬತ್ತು ಹೆರಿಗೆಗೆ ಆರು ಮಂದಿ ಕಾಯಂ ನೌಕರರನ್ನು ಸಾಕಲು ಜಿಲ್ಲೆಯಿಂದ ಆಗುವುದಿಲ್ಲವಂತೆ. ಹೊಸ ವರ್ಷದಿಂದ ಹೆರಿಗೆ ಕೋಣೆಯಲ್ಲಿ ಇರುವವರೆಲ್ಲ ಕಾಂಟ್ರಾಕ್ಟಿನ ಮೇಲೆ. ಅಂದರೆ ನಮ್ಮ ನಮ್ಮ ಹೆಸರಿನಲ್ಲಿ ಒಂದು ಉದ್ಯಮ ನೋಂದಾಯಿಸಿಕೊಂಡು, ಗಂಟೆಗೆ ಎಂಬತ್ತು ಜ್ಲೋಟಿಯಂತೆ ಆಸ್ಪತ್ರೆಗೆ ಬಿಲ್ಲು ಕೊಡಬೇಕು. ಸಂಬಳದ ರಜೆ ಇಲ್ಲ, ತೆರಿಗೆ, ವಿಮೆ ಎಲ್ಲ ನಮ್ಮ ತಲೆಗೆ. ಕಾಯಂ ಆಗಿಯೇ ಇರುತ್ತೇನೆ ಎನ್ನುವವರು ಇರಬಹುದು, ಆದರೆ ಮೇಲಿನ ಮಹಡಿಗೆ, ಹಾಸಿಗೆ ಹಿಡಿದ ವೃದ್ಧರ ವಿಭಾಗಕ್ಕೆ ಹೋಗಬೇಕು. ಡಿಸೆಂಬರ್ ಮೂವತ್ತರೊಳಗೆ ತಿಳಿಸಬೇಕು.

"ನಿಮಗೆ ಸ್ವಾತಂತ್ರ್ಯ ಕೊಡ್ತಾ ಇದೀವಿ ಅಂತ ತಿಳ್ಕೊಳ್ಳಿ," ಅಂದರು ಡೈರೆಕ್ಟರು.

"ನನ್ನ ಗಂಡನೂ ಬಿಟ್ಟು ಹೋಗೋವಾಗ ಇದೇ ಮಾತು ಹೇಳಿದ್ದ," ಅಂದಳು ಲುಟ್ಸಿನಾ.

ಎಲ್ಲರೂ ನಕ್ಕೆವು. ನಗುತ್ತಿದ್ದರೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಬಿಯಾವಿಸ್ಟೊಕ್‌ನ ಕ್ಲಿನಿಕ್ಕಿನಲ್ಲಿ, ಶೀತಪೆಟ್ಟಿಗೆಯೊಳಗೆ, ನಮ್ಮದು ಇನ್ನೂ ಒಂದು ಭ್ರೂಣ ಉಳಿದಿದೆ. ಮೂರು ಸಲ ಗರ್ಭದೊಳಗೆ ಇಟ್ಟರು, ಮೂರೂ ನಿಲ್ಲಲಿಲ್ಲ. ಇದೇ ಕೊನೆಯದು. ಹೊಸದಾಗಿ ಮಾಡಲು ನಿಮ್ಮ ದೇಹದಲ್ಲಿ ಏನೂ ಉಳಿದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ನನಗೆ ಮೂವತ್ತೊಂಬತ್ತು. ಕಾಯಂ ಕೆಲಸವಿದ್ದರೆ ಅದನ್ನು ಒಳಗಿಟ್ಟ ದಿನವೇ ಕಾಯಿಲೆ ರಜೆ ಹಾಕಿ ಮನೆಯಲ್ಲಿರಬಹುದು. ನಿಂತರೆ ಒಂಬತ್ತು ತಿಂಗಳೂ ಪೂರ್ತಿ ಸಂಬಳ, ಹೆತ್ತ ಮೇಲೆ ಒಂದು ವರ್ಷ ಭತ್ಯೆ. ಕಾಂಟ್ರಾಕ್ಟಿನಲ್ಲಿ ಕೈಗೆ ಬರುವುದು ಹೆಚ್ಚು, ಆದರೆ ಬಂದ ದಿನಕ್ಕೆ ಮಾತ್ರ ದುಡ್ಡು.

ಅತ್ತ ದರಿ, ಇತ್ತ ಪುಲಿ. ಇರಲಿ, ಇದು ಲೆಕ್ಕದ ವಿಷಯ. ಕೂತು ಲೆಕ್ಕ ಹಾಕಿದರೆ ಉತ್ತರ ಬರಲೇಬೇಕು. ಕೆಲಸದ್ದು ಇತ್ಯರ್ಥವಾಗಿಬಿಟ್ಟರೆ ವಸಂತದೊಳಗೆ ಒಳಗಿಡಿಸಿಕೊಳ್ಳಬಹುದು.

ಅಕ್ಟೋಬರ್ 18, ಶುಕ್ರವಾರ

ಪಾನಿ ಇರ್ಮಿನಾ, ಅಂದರೆ ನಮ್ಮ ಇರ್ಮಿನಾ ಅಮ್ಮಾವ್ರು, ಹೂವಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಅರ್ಧ ಊರಿನ ತೆರಿಗೆ ಬರೆಯುತ್ತಾರೆ. ಹಲ್ಲಿನ ಡಾಕ್ಟರು, ನೆಲಕ್ಕೆ ಹಾಸುಗಲ್ಲು ಹಾಕುವವರು, ಕಾರು ಕಲಿಸುವವರು, ಈಗ ನಾವು. ನನ್ನ ಎದುರು ಚಹಾ ಇಟ್ಟು, ಕ್ಯಾಲ್ಕುಲೇಟರನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಈಗ ಕೈಗೆ ಎಷ್ಟು ಬರತ್ತೆ?"

"ಆರು ಸಾವಿರದ ಒಂಬೈನೂರು."

"ಕಾಂಟ್ರಾಕ್ಟಲ್ಲಿ ಅಷ್ಟೇ ಗಂಟೆ ದುಡಿದ್ರೆ ಹದಿಮೂರು ಸಾವಿರದ ನಾನೂರಕ್ಕೆ ಬಿಲ್ಲು ಬರೀತೀರಿ. ಹಿಗ್ಗಬೇಡಿ, ಅದು ನಿಮ್ಮ ದುಡ್ಡಲ್ಲ, ನಿಮ್ಮ ಕೈ ಮೇಲೆ ಹಾದು ಹೋಗೋ ದುಡ್ಡು."

ಆಮೇಲೆ ಕಳೆಯುತ್ತಾ ಹೋದರು. ಪಿಂಚಣಿ ಕಂತು, ಆರೋಗ್ಯದ ಕಂತು, ತೆರಿಗೆ. ಡಾಕ್ಟರುಗಳೆಲ್ಲ ಬಿಲ್ಲಿನ ಮೇಲೆ ನೂರಕ್ಕೆ ಹದಿನಾಲ್ಕು ಕಟ್ಟಿ ಕೈ ತೊಳೆದುಕೊಳ್ಳುತ್ತಾರಲ್ಲ, ಹಾಗೆ ಮಾಡಬಾರದೇ ಎಂದು ಕೇಳಿದೆ.

"ನಿಮಗೆ ಅದು ಸಿಗಲ್ಲ. ನಿನ್ನೆವರೆಗೆ ಸಂಬಳ ಕೊಟ್ಟ ಧಣಿಗೇ, ಅದೇ ಕೆಲಸಕ್ಕೆ, ಇವತ್ತು ಬಿಲ್ಲು ಕೊಟ್ರೆ ಆ ರಿಯಾಯಿತಿಗೆ ಕಲ್ಲು. ಹೊಸ ಉದ್ಯಮದೋರಿಗೆ ಕಂತಲ್ಲಿ ಕೊಡೋ ಸೋಡಿನೂ ಇಲ್ಲ. ಹಳೇ ಹೆಂಡಕ್ಕೆ ಹೊಸ ಬಾಟ್ಲಿ ಅಂತ ಸರ್ಕಾರಕ್ಕೆ ಗೊತ್ತಾಗಲ್ವಾ?"

ಕೊನೆಗೆ ಉಳಿದದ್ದು ಒಂಬತ್ತು ಸಾವಿರದ ಇನ್ನೂರು. ಅದರಿಂದ ವರ್ಷಕ್ಕೆ ಇಪ್ಪತ್ತಾರು ದಿನದ ರಜೆಯ ನಷ್ಟ, ಹೊಣೆಗಾರಿಕೆಯ ವಿಮೆ, ಪಾನಿ ಇರ್ಮಿನಾ ಅವರ ಫೀಜು ತೆಗೆದರೆ, ನಿಜವಾದ ಲಾಭ ತಿಂಗಳಿಗೆ ಸಾವಿರದ ನೂರು ಜ್ಲೋಟಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ.

"ಕಾಯಿಲೆ ಬೀಳೋ ಯೋಚನೆ ಇದೆಯಾ?" ಅಂತ ಕೇಳಿದರು.

"ಕಾಯಿಲೆ ಬೀಳೋಕೆ ಯಾರಾದ್ರೂ ಯೋಚನೆ ಮಾಡ್ತಾರಾ?"

"ಹೆಂಗಸರು ಮಾಡ್ತಾರೆ."

ಅರ್ಥವಾಯಿತು. ಹೌದು, ಹಾಗೊಂದು ವಿಷಯ ಇದೆ ಅಂದೆ. ಅವರು ಕ್ಯಾಲ್ಕುಲೇಟರ್ ಮುಚ್ಚಿದರು. "ಹಾಗಾದ್ರೆ ಚಹಾ ಕುಡಿದು ಮನೆಗೆ ಹೋಗಿ. ಸಾವಿರದ ನೂರಕ್ಕೆ ಯಾರೂ ಕಾಯಂ ಬಿಡಲ್ಲ."

ಹಾಗಾದರೆ ಉತ್ತರ ಬಂದಂತಾಯಿತು. ಮನೆಗೆ ಬಂದು ಮತ್ತೊಂದು ಸಲ ಲೆಕ್ಕ ಹಾಕಿದೆ. ಅಷ್ಟೇ ಗಂಟೆ ದುಡಿಯಬೇಕು ಎಂದು ಯಾರು ಹೇಳಿದರು? ತಿಂಗಳಿಗೆ ಇನ್ನೂರ ಇಪ್ಪತ್ತು ಗಂಟೆ ದುಡಿದರೆ ಬೇರೆಯೇ ಚಿತ್ರ.

ಅಕ್ಟೋಬರ್ 27, ಭಾನುವಾರ

ವಿಟೆಕ್‌ಗೆ ಎರಡು ಹಾಳೆ ತೋರಿಸಿದೆ, ಎಡಕ್ಕೆ ಕಾಯಂ, ಬಲಕ್ಕೆ ಕಾಂಟ್ರಾಕ್ಟು. ನನ್ನ ಗಂಡ ಹಾಲಿನ ಕಾರ್ಖಾನೆಯಲ್ಲಿ ಹದಿನಾರು ವರ್ಷದಿಂದ ಬೆಣ್ಣೆ ಪೆಟ್ಟಿಗೆಗಳನ್ನು ಎತ್ತುವ ಗಾಡಿ ಓಡಿಸುತ್ತಾನೆ. ಕಾಯಂ ಎನ್ನುವುದು ಅವನಿಗೆ ಗಾಳಿ ನೀರಿನ ಹಾಗೆ, ಅದರ ಬಗ್ಗೆ ಯೋಚನೆಯೇ ಇಲ್ಲ. ಹಾಳೆಗಳನ್ನು ನೋಡಿ ಪಕ್ಕಕ್ಕಿಟ್ಟ.

"ಇದೆಲ್ಲ ಇರ್ಲಿ. ಅದನ್ನ ಯಾವಾಗ ಇಡಿಸ್ಕೋತೀಯ?"

"ಮೊದಲು ಇದು ತೀರ್ಮಾನ ಆಗ್ಲಿ."

"ಪಾಪ, ಇನ್ನೂ ಹುಟ್ಟೇ ಇಲ್ಲ, ಆಗ್ಲೇ ಬಾಡಿಗೆ ಮನೇಲಿದಾನೆ," ಅಂದ. ಕ್ಲಿನಿಕ್ಕಿಗೆ ಶೀತಪೆಟ್ಟಿಗೆಯ ಬಾಡಿಗೆ ಕಟ್ಟುವುದು ಅವನೇ. ಅವನಿಗೆ ಅದು ಗಂಡು ಎಂದು ಯಾರು ಹೇಳಿದರೋ. ಮೊದಲ ಸಲವೂ, ಎರಡನೆಯ ಸಲವೂ ಅವನು ಹೀಗೇ ಮಾತಾಡುತ್ತಿದ್ದ. ಮೂರನೆಯ ಸಲ ಏನೂ ಮಾತಾಡಿರಲಿಲ್ಲ. ಈಗ ಮತ್ತೆ ಶುರು ಮಾಡಿದ್ದಾನೆ. ನನಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಸಿಟ್ಟು ಯಾಕೆಂದು ಗೊತ್ತಿಲ್ಲ, ಬಹುಶಃ ಹಾಳೆಗಳನ್ನು ಸರಿಯಾಗಿ ನೋಡಲಿಲ್ಲವೆಂದು.

ನವೆಂಬರ್ 1, ಶುಕ್ರವಾರ

ಇವತ್ತು ಸತ್ತವರನ್ನು ನೆನೆಯುವ ಹಬ್ಬ, ಸ್ಮಶಾನದಲ್ಲಿ ಊರಿಗೆ ಊರೇ ಸೇರಿತ್ತು. ನಮ್ಮ ಎರಡೂ ಮನೆಯವರದ್ದು ಸೇರಿ ಐದು ಸಮಾಧಿ. ಎಲೆ ಗುಡಿಸಿ, ಕಲ್ಲು ತೊಳೆದು, ಸೇವಂತಿಗೆ ಕುಂಡ ಇಟ್ಟು, ದೀಪ ಹಚ್ಚಿದೆವು. ವಿಟೆಕ್‌ನ ಚಿಕ್ಕಮ್ಮ ಸಿಕ್ಕಳು.

"ಊರಿನ ಮಕ್ಕಳನ್ನೆಲ್ಲ ಹೆರಿಸ್ತೀಯ, ನಿನ್ನದೊಂದು ಯಾವಾಗಮ್ಮ?"

"ಡೈರೆಕ್ಟರನ್ನ ಕೇಳಿ ಹೇಳ್ತೀನಿ," ಅಂದೆ. ಅವಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ದೀಪ ಕೊಳ್ಳುವಾಗ ಎಣಿಕೆ ತಪ್ಪಿದ್ದೆನೆಂದು ಕಾಣುತ್ತದೆ, ಮೂರು ಉಳಿದವು. ದೂರದಲ್ಲಿ ಮಣ್ಣಾದವರಿಗಾಗಿ ಎಲ್ಲರೂ ದೊಡ್ಡ ಶಿಲುಬೆಯ ಬುಡದಲ್ಲಿ ಹಚ್ಚುತ್ತಾರಲ್ಲ, ಅಲ್ಲಿ ಆ ಮೂರನ್ನೂ ಹಚ್ಚಿದೆ. ಯಾರಿಗೆ ಎಂದು ವಿಟೆಕ್ ಕೇಳಲಿಲ್ಲ. ಗಾಳಿಗೆ ಒಂದು ಆರಿತು, ಅವನೇ ಬಗ್ಗಿ ಮತ್ತೆ ಹಚ್ಚಿದ.

ನವೆಂಬರ್ 9, ಶನಿವಾರ

ಇವತ್ತು ಒಳ್ಳೆಯ ದಿನ. ಹಸು ಸಾಕುವ ಮನೆಯ ಹೆಂಗಸು, ಮೂರನೆಯ ಹೆರಿಗೆ. ಬೆಳಿಗ್ಗೆ ಹಾಲು ಕರೆದು ಮುಗಿಸಿಯೇ ಬಂದಿದ್ದಳು. ನೋವು ಬಂದಾಗಲೆಲ್ಲ ನನ್ನ ಮಣಿಕಟ್ಟು ಹಿಡಿದು, "ಪಾನಿ, ಸಂಜೆ ಹಾಲು ಕರೆಯೋ ಹೊತ್ತಿಗೆ ಆಗತ್ತಾ?" ಎಂದು ಕೇಳುತ್ತಿದ್ದಳು. ಹೊಕ್ಕುಳಬಳ್ಳಿ ಮಗುವಿನ ಕುತ್ತಿಗೆಗೆ ಒಂದು ಸುತ್ತು ಬಂದಿತ್ತು. ನಾನು ಮಾತಾಡುತ್ತಲೇ ಬೆರಳಿನಿಂದ ಸರಿಸಿ ದಾಟಿಸಿದೆ, ಅವಳಿಗೆ ಗೊತ್ತೇ ಆಗಲಿಲ್ಲ. ಹೆಣ್ಣು. ತಲೆ ತುಂಬ ಕಪ್ಪು ಕೂದಲು, ಮುಖದಲ್ಲಿ ಎಲ್ಲಿಲ್ಲದ ಕೋಪ. ಅಪ್ಪನಾದವನು ಬಾಗಿಲಲ್ಲೇ ನಿಂತು, ದೃಷ್ಟಿಯಾಗದಂತೆ ತೊಟ್ಟಿಲ ಗಾಡಿಗೆ ಕಟ್ಟಲು ತಂದ ಕೆಂಪು ರಿಬ್ಬನನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದ.

ಈ ಕೆಲಸ ನನಗೆ ಗೊತ್ತು. ಇದೊಂದು ನನಗೆ ನಿಜವಾಗಿ ಗೊತ್ತು. ಇದನ್ನು ಬಿಟ್ಟು ಮೇಲಿನ ಮಹಡಿಗೆ ಹೋಗುವುದೆಂದರೆ ಹೇಗೆ?

ನವೆಂಬರ್ 20, ಬುಧವಾರ

ಕ್ಲಿನಿಕ್ಕಿನಿಂದ ಫೋನು. ಡಿಸೆಂಬರ್ ಹತ್ತರ ಸುಮಾರಿಗೆ ಇಡಬಹುದು, ಮಾತ್ರೆ ಶುರು ಮಾಡಿಸಲೇ ಎಂದು ಕೇಳಿದರು. ಈ ತಿಂಗಳು ಕೆಲಸದ ವಿಷಯದಲ್ಲಿ ಸ್ವಲ್ಪ ಗೊಂದಲವಿದೆ, ಜನವರಿಯಲ್ಲಿ ನೋಡೋಣ ಅಂದೆ. "ಅದಕ್ಕೇನಂತೆ ಪಾನಿ, ಅದು ಕಾಯತ್ತೆ," ಅಂದಳು ಆ ಹುಡುಗಿ.

ಕಾಯುತ್ತದೆ. ಅದರ ಒಳ್ಳೆಯ ಗುಣವೇ ಅದು. ಅವಸರ ಮಾಡಿ ಹಾಳು ಮಾಡಿಕೊಳ್ಳುವುದಕ್ಕಿಂತ ಇದೇ ಸರಿ. ಡಿಸೆಂಬರಿನಲ್ಲಿ ನಾನಿನ್ನೂ ಕಾಯಂ ಇರುತ್ತೇನೆ, ಎರಡು ವಾರ ಮನೆಯಲ್ಲಿ ಕೂರಬಹುದಿತ್ತು ಎನ್ನುವುದು ಫೋನು ಇಟ್ಟ ಮೇಲೆ ಹೊಳೆಯಿತು. ವಿಟೆಕ್‌ಗೆ ಫೋನಿನ ವಿಷಯ ಹೇಳಲಿಲ್ಲ. ಅವನಿಗೆ ರಾತ್ರಿ ಪಾಳಿ, ಸುಸ್ತಾಗಿದ್ದ.

ಡಿಸೆಂಬರ್ 3, ಮಂಗಳವಾರ

ಮೇಲಿನ ಮಹಡಿಯಲ್ಲಿ ಒಂದು ದಿನ ಕೆಲಸ ಮಾಡಿ ನೋಡಿ ಎಂದಿದ್ದರು. ಹೋದೆ. ಇಪ್ಪತ್ತೆಂಟು ಹಾಸಿಗೆ. ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಒಬ್ಬೊಬ್ಬರನ್ನೂ ಮಗ್ಗುಲು ಬದಲಿಸಬೇಕು. ಕೊನೆಯವರನ್ನು ಮುಗಿಸುವ ಹೊತ್ತಿಗೆ ಮೊದಲನೆಯವರ ಎರಡು ಗಂಟೆ ಮುಗಿದಿರುತ್ತದೆ.

ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ತೊಂಬತ್ತೊಂದು ವರ್ಷದ ಅನಸ್ತಾಸಿಯಾ ಎಂಬವರು ನನ್ನ ಮುಖವನ್ನೇ ನೋಡುತ್ತಿದ್ದರು. "ನೀನು ಕೆಳಗಿನ ಸೂಲಗಿತ್ತಿ ಅಲ್ವಾ? ನನ್ನ ಮೊಮ್ಮಗಳನ್ನ ಹೆರಿಸಿದ್ದೆ."

"ಹೌದು, ನಾನೇ."

"ಕೆಳಗೆ ಏನೂ ಹುಟ್ತಾ ಇಲ್ವಾ, ಇಲ್ಲಿಗೆ ಬಂದಿದೀಯ?"

ನಾನು ನಕ್ಕು ಅವರ ದಿಂಬು ಸರಿ ಮಾಡಿದೆ. ಆದರೆ ಆ ಮಾತು ಮನೆಯವರೆಗೂ ಹಿಂದೆ ಬಂತು. ನಿಲ್ಲದಿದ್ದರೆ? ಸಾವಿರದ ನೂರು ಜ್ಲೋಟಿ ಬಿಟ್ಟು, ಗೊತ್ತಿರುವ ಕೆಲಸ ಬಿಟ್ಟು, ಮೇಲೆ ಹೋಗಿ, ಆಮೇಲೆ ನಿಲ್ಲದಿದ್ದರೆ ನಿವೃತ್ತಿಯವರೆಗೆ ಇಪ್ಪತ್ತೊಂದು ವರ್ಷ ಈ ಮಗ್ಗುಲು ಬದಲಿಸುವ ಕೆಲಸ. ಮೂರಕ್ಕೆ ಮೂರೂ ನಿಲ್ಲಲಿಲ್ಲ, ನಾಲ್ಕನೆಯದು ಬೇರೆಯಾಗಲು ಕಾರಣವೇನೂ ಇಲ್ಲ. ಇದನ್ನು ಯಾರಾದರೂ ಲೆಕ್ಕದಲ್ಲಿ ಸೇರಿಸಿದ್ದಾರಾ? ಪಾನಿ ಇರ್ಮಿನಾ ಸೇರಿಸಲಿಲ್ಲ.

ಡಿಸೆಂಬರ್ 6, ಶುಕ್ರವಾರ

ಲುಟ್ಸಿನಾ ಜೊತೆ ಜಗಳವಾಯಿತು. ಅವಳು ನಿವೃತ್ತಿ ಬರೆದುಕೊಟ್ಟು, ಪಿಂಚಣಿ ಕೈಗೆ ಬರಿಸಿಕೊಂಡು, ಹೊಸ ವರ್ಷದಿಂದ ಕಾಂಟ್ರಾಕ್ಟಿನ ಮೇಲೆ ಅದೇ ಕುರ್ಚಿಗೆ ಬರುತ್ತಾಳಂತೆ. ಪಿಂಚಣಿಯವರಿಗೆ ಕಂತಿನ ಕಾಟವೂ ಕಡಿಮೆ.

"ನನಗಿದು ಸರಿ ಕಣೇ. ನನ್ನ ಹೊಟ್ಟೆ ಬಾಗಿಲು ಹಾಕಿ ಹತ್ತು ವರ್ಷ ಆಯ್ತು. ನೀನು ಮೇಲೆ ಹೋಗು. ಮುದುಕಿಯರ ಮೈ ತೊಳಿ, ರಜೆ ಹಾಕು, ಹೆರು. ಎರಡು ವರ್ಷದ ಮಾತು."

"ನಿಲ್ಲದಿದ್ರೆ?"

"ಆಗ ಕೆಳಗೆ ಬಾ."

"ಆಗ ಇಲ್ಲಿ ಜಾಗ ಇರಲ್ಲ."

ಅವಳು ಕೈಗವಸು ಕಳಚುತ್ತಾ ಕೇಳಿದಳು: "ನಿನಗೆ ಜಾಗ ಇರಲ್ಲ ಅಂತ ಭಯಾನೋ, ನಿಲ್ಲಲ್ಲ ಅಂತ ಭಯಾನೋ? ಎರಡನ್ನೂ ಒಂದೇ ಪಾತ್ರೇಲಿ ಕಲಸ್ಬೇಡ."

ನನಗೆ ಎಲ್ಲಿಂದ ಬಂತೋ ಆ ಮಾತು. "ಹೆತ್ತು ನೀನೇನು ಕಂಡೆ? ಇಬ್ಬರು ಮಕ್ಕಳೂ ಅಪ್ಪನ ಹಿಂದೆ ಹೋದ್ರು," ಅಂದುಬಿಟ್ಟೆ. ಅವಳು ಕೈಗವಸುಗಳನ್ನು ಬುಟ್ಟಿಗೆ ಹಾಕಿ ಹೊರಗೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಳೆ ಕ್ಷಮೆ ಕೇಳಬೇಕು.

ಡಿಸೆಂಬರ್ 15, ಭಾನುವಾರ

ಕೇಳಿಲ್ಲ.

ಡಿಸೆಂಬರ್ 24, ಮಂಗಳವಾರ

ಕ್ರಿಸ್ಮಸ್ ಹಬ್ಬದ ಹಿಂದಿನ ರಾತ್ರಿಯ ಊಟಕ್ಕೆ ನಾವಿಬ್ಬರೇ. ಬೀಟ್‌ರೂಟ್ ಸಾರು, ಅಣಬೆಯ ಕಡುಬು, ಮೀನು, ಒಟ್ಟು ಏಳು ಬಗೆ ಮಾಡಿದೆ, ಪದ್ಧತಿಯಂತೆ ಹನ್ನೆರಡಾಗಬೇಕಿತ್ತು. ಊಟಕ್ಕೆ ಕೂತಾಗ ವಿಟೆಕ್ ಮೇಜು ನೋಡುತ್ತಾ, "ಇನ್ನೊಂದು ತಟ್ಟೆ?" ಅಂದ. ಕರೆಯದೆ ಬರುವ ಅತಿಥಿಗೆಂದು ಈ ರಾತ್ರಿ ಒಂದು ತಟ್ಟೆ ಹೆಚ್ಚಾಗಿ ಇಡಬೇಕು. ಹದಿಮೂರು ವರ್ಷದಿಂದ ತಪ್ಪದೆ ಇಟ್ಟಿದ್ದೇನೆ. ಈ ಸಲ ಮರೆತಿದ್ದೆ. ಅವನೇ ಎದ್ದು ತಂದಿಟ್ಟ. ಕೆಲಸದ ತಲೆನೋವಿನಲ್ಲಿ ಏನು ಮಾಡುತ್ತಿದ್ದೇನೆಂದೇ ತಿಳಿಯುತ್ತಿಲ್ಲ.

ಪವಿತ್ರ ರೊಟ್ಟಿ ಮುರಿದು ಹಂಚಿಕೊಳ್ಳುವಾಗ ಅವನು, "ಮುಂದಿನ ವರ್ಷ ಮೂರು ಜನ ಆಗ್ಲಿ," ಅಂದ. ನಾನು, "ನಿನಗೆ ಆರೋಗ್ಯ ಸಿಗ್ಲಿ," ಅಂದೆ.

ಡಿಸೆಂಬರ್ 30, ಸೋಮವಾರ

ಸಹಿ ಹಾಕಿದೆ. ಕಾಂಟ್ರಾಕ್ಟು. ಯಾರ ಬಲವಂತವೂ ಇಲ್ಲ, ಪೂರ್ತಿ ಯೋಚಿಸಿಯೇ ಹಾಕಿದ್ದು. ಇನ್ನೂರ ಇಪ್ಪತ್ತು ಗಂಟೆಯ ಲೆಕ್ಕ ಬಹಳ ಚೆನ್ನಾಗಿ ಕೂಡುತ್ತದೆ. ವಿಟೆಕ್‌ಗೆ ಮೊನ್ನೆಯೇ ಹೇಳಿದ್ದೆ. "ಅದಕ್ಕೇನಾದ್ರೂ ದಾರಿ ಇದೆ ತಾನೆ?" ಎಂದು ಕೇಳಿದ. ಇದೆ, ಬೇಕೆಂದವರು ಕಾಯಿಲೆ ವಿಮೆಯ ಕಂತು ಬೇರೆಯಾಗಿ ಕಟ್ಟಬಹುದು, ಹೆತ್ತರೆ ಕಡಿಮೆಯಾದರೂ ಭತ್ಯೆ ಬರುತ್ತದೆ ಎಂದು ವಿವರಿಸಿದ್ದೆ. ಅವನಿಗೆ ಅಷ್ಟು ಸಾಕಾಗಿತ್ತು.

ಆಸ್ಪತ್ರೆಯಿಂದ ನೇರ ಪಾನಿ ಇರ್ಮಿನಾ ಹತ್ತಿರ ಹೋದೆ. ಅವರು ಅರ್ಜಿ ತುಂಬುತ್ತಾ ಹೋದರು. ಹೆಸರು, ವಿಳಾಸ, ಉದ್ಯಮದ ಹೆಸರು. ಕಾಯಿಲೆ ವಿಮೆಯ ಚೌಕದ ಮೇಲೆ ಪೆನ್ನು ನಿಲ್ಲಿಸಿ, "ಇಲ್ಲಿ ಹೌದು ಅಂತ ಹಾಕ್ತೀನಿ," ಅಂದರು.

"ಎಷ್ಟು?"

"ತಿಂಗಳಿಗೆ ನೂರ ಇಪ್ಪತ್ತೇಳು ಜ್ಲೋಟಿ."

"ಬೇಡ."

ಅವರು ಕನ್ನಡಕ ತೆಗೆದರು. "ಪಾನಿ ಬೊಗ್ನಾ, ಇದು ನಿಮಗೆ ಒಂದೂವರೆ ಗಂಟೆ ದುಡಿಮೆ. ನಲವತ್ತೈದರ ಒಳಗಿನ ಒಬ್ಬ ಹೆಂಗಸೂ ನನ್ನ ಹತ್ರ ಇದನ್ನ ಬೇಡ ಅಂದಿಲ್ಲ. ಆಮೇಲೆ ಸೇರ್ತೀನಿ ಅಂದ್ರೆ ಕಾಯಿಲೆ ರಜೆಗೆ ತೊಂಬತ್ತು ದಿನ ಕಾಯ್ಬೇಕು."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕೆ?" ಅಂದೆ. ನಗಿಸಲು ಹೇಳಿದ್ದು. ಅವರು ನಗಲಿಲ್ಲ.

ವರ್ಷಕ್ಕೆ ಸಾವಿರದ ಐನೂರು ಉಳಿಯುತ್ತದೆ. ಹನಿ ಹನಿ ಗೂಡಿದರೆ ಹಳ್ಳ. ಮನೆಯಲ್ಲಿ ವಿಟೆಕ್, "ಎಲ್ಲ ಹಾಕಿಸಿದ್ಯಾ?" ಎಂದು ಕೇಳಿದ. ಎಲ್ಲ ಹಾಕಿಸಿದೆ ಅಂದೆ. ವಿವರವಾಗಿ ಹೇಳುವಷ್ಟು ದೊಡ್ಡ ವಿಷಯವಲ್ಲ.

ಜನವರಿ 11, ಶನಿವಾರ

ಆರು ದಿನ ಸತತವಾಗಿ. 72 ಗಂಟೆ. ಹೆರಿಗೆ 2. ಕಾಲು ಊದಿದೆ. ಲುಟ್ಸಿನಾ ಮತ್ತು ನಾನು ಕೆಲಸದ ಮಾತು ಮಾತ್ರ ಆಡುತ್ತೇವೆ.

ಜನವರಿ 19, ಭಾನುವಾರ

ಈ ತಿಂಗಳು ಈವರೆಗೆ 144 ಗಂಟೆ. ನಿನ್ನೆ ಒಂದು ಹೆರಿಗೆ, ಗಂಡೋ ಹೆಣ್ಣೋ ಈಗ ನೆನಪಾಗುತ್ತಿಲ್ಲ. ಗಂಡಿರಬೇಕು.

ಜನವರಿ 27, ಸೋಮವಾರ

ಈ ತಿಂಗಳ ಕಂತುಗಳ ಪಟ್ಟಿಯನ್ನು ಪಾನಿ ಇರ್ಮಿನಾ ಕಳಿಸಿದ್ದರು. ಬ್ಯಾಂಕಿನ ಕೆಲಸ ವಿಟೆಕ್‌ನದು, ಅವನೇ ತೆರೆದು ನೋಡಿದ. ನಾನು ಕೆಲಸದಿಂದ ಬಂದು ಬೂಟು ಕಳಚುತ್ತಿದ್ದೆ.

"ಕಾಯಿಲೆ ವಿಮೆ ಮುಂದೆ ಸೊನ್ನೆ ಇದೆ. ಅವರು ತಪ್ಪು ಮಾಡಿದಾರಾ?"

"ಇಲ್ಲ. ನಾನೇ ಬೇಡ ಅಂದೆ."

"ಯಾಕೆ?"

"ನೂರ ಇಪ್ಪತ್ತೇಳು ಜ್ಲೋಟಿ ಉಳಿಸೋಕೆ."

ಅವನು ಆ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

"ನಿನಗೆ ಬೇಡವಾಗಿದ್ರೆ ಹೇಳ್ಬಹುದಿತ್ತು, ಬೊಗ್ನಾ. ನಾನು ಮೂರು ತಿಂಗಳಿಂದ ಒಬ್ನೇ ಕಾಯ್ತಾ ಇದ್ನಾ?"

"ಬೇಡ ಅಂತ ನಾನು ಯಾವತ್ತೂ ಅಂದಿಲ್ಲ."

"ಬೇಕು ಅಂತ ಕೊನೇ ಸಲ ಯಾವಾಗ ಅಂದೆ?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಸುಸ್ತಾಗಿತ್ತು, ಹನ್ನೆರಡು ಗಂಟೆ ನಿಂತಿದ್ದೆ. ಅವನು ಎದ್ದು ಹೋಗಿ ಮಲಗಿದ. ನಾನು ಇದನ್ನು ಬರೆಯುತ್ತಾ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಅಕ್ಟೋಬರಿನಲ್ಲಿ "ನಿಂತರೆ" ಎಂದು ಬರೆದಿದ್ದೇನೆ, ಡಿಸೆಂಬರಿನಲ್ಲಿ "ನಿಲ್ಲದಿದ್ದರೆ" ಎಂದು. ನನ್ನದೇ ಕೈಬರಹ.

ಜನವರಿ 28, ಮಂಗಳವಾರ

ಕ್ಲಿನಿಕ್ಕಿಗೆ ಫೋನು ಮಾಡಿದೆ. ಈ ತಿಂಗಳು ಮಾತ್ರೆ ಬೇಕಾಗಿಲ್ಲ, ದೇಹ ತಾನೇ ಸಿದ್ಧವಾಗಿರಬಹುದು, ಸ್ಕ್ಯಾನಿಗೆ ಬನ್ನಿ ಅಂದರು. ವಿಟೆಕ್‌ಗೆ ತೋರಿಸಿಕೊಡಬೇಕೆಂದೇ ಮಾಡಿದೆನೋ ಏನೋ. ಮಾಡಿದೆನಲ್ಲ, ಸಾಕು.

ಫೆಬ್ರವರಿ 3, ಸೋಮವಾರ

ಬುಧವಾರ ಬನ್ನಿ ಅಂದಿದ್ದಾರೆ. ಬುಧವಾರ ನನ್ನ ಪಾಳಿ. ಕಾಂಟ್ರಾಕ್ಟಿನ ಪ್ರಕಾರ ಬರಲಾಗದಿದ್ದರೆ ಬದಲಿಯನ್ನು ನಾನೇ ಹುಡುಕಬೇಕು, ಸಿಗದಿದ್ದರೆ ದಂಡ ನನ್ನದು. ಎಲ್ಲರನ್ನೂ ಕೇಳಿ ಆಯಿತು. ಕೊನೆಗೆ ಉಳಿದವಳು ಲುಟ್ಸಿನಾ. ಎರಡು ತಿಂಗಳ ಮೇಲೆ ಅವಳ ಮುಂದೆ ಹೋಗಿ ನಿಂತೆ. ಬಾಯಿ ತೆರೆಯುವುದರೊಳಗೆ ಅವಳೇ, "ಬುಧವಾರ ತಾನೆ? ಎಲ್ಲರ ಹತ್ರ ಭಿಕ್ಷೆ ಕೇಳ್ತಿದ್ದೆ, ಕೇಳಿಸ್ತು. ಬರ್ತೀನಿ. ದುಡ್ಡು ನನ್ನದು, ಕಾರಣ ನಿನ್ನದು," ಅಂದಳು.

ಆವತ್ತಿನ ಮಾತಿಗೆ ಕ್ಷಮಿಸು ಅಂದೆ. "ನಿಜ ಹೇಳಿದ್ದಕ್ಕೆ ಯಾರು ಕ್ಷಮೆ ಕೇಳ್ತಾರೆ, ಹೋಗು," ಅಂದಳು. ಕ್ಷಮಿಸಿಲ್ಲ ಎಂದು ಕಾಣುತ್ತದೆ. ಆದರೂ ಬರುತ್ತಾಳೆ.

ಫೆಬ್ರವರಿ 5, ಬುಧವಾರ

ಕರಗಿಸಿದ ಮೇಲೂ ಚೆನ್ನಾಗಿದೆ ಎಂದು ಪರದೆಯ ಮೇಲೆ ತೋರಿಸಿದರು. ಆಮೇಲೆ ಒಂದು ಬಿಳಿ ಚುಕ್ಕೆ ಒಳಗೆ ಹೋಗುವುದು ಕಂಡಿತು. ಅಷ್ಟೇ. ಹತ್ತು ನಿಮಿಷ.

ವಾಪಸ್ಸು ಬರುವಾಗ ವಿಟೆಕ್ ಹೆದ್ದಾರಿಯಲ್ಲಿ ಐವತ್ತರ ವೇಗದಲ್ಲಿ ಕಾರು ಓಡಿಸಿದ, ಗುಂಡಿ ಕಂಡರೆ ಇನ್ನೂ ನಿಧಾನ. ಹಿಂದಿನ ಲಾರಿಯವರೆಲ್ಲ ಹಾರ್ನ್ ಹೊಡೆದರು. "ಹೊಡ್ಕೊಳ್ಳಿ ಬಿಡು," ಅಂದ. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ನನಗೆ ಅಳು ಬಂತು. ಬೇಕು ಎಂದು ಅವನಿಗೆ ಹೇಳಬೇಕೆನಿಸಿತು. ಈಗ ಹೇಳಿದರೆ ದೃಷ್ಟಿಯಾಗುತ್ತದೆಂದು ಹೇಳಲಿಲ್ಲ.

ಫೆಬ್ರವರಿ 6, ಗುರುವಾರ

ಏಳಕ್ಕೆ ಹಾಜರು. 12 ಗಂಟೆ. ಮಲಗಿದ್ದರೂ ಒಂದೇ, ಓಡಾಡಿದರೂ ಒಂದೇ ಎಂದು ಡಾಕ್ಟರು ಹೇಳಿದ್ದಾರೆ. ಹಿಂದಿನ ಮೂರು ಸಲವೂ ಮಲಗಿಯೇ ಇದ್ದೆನಲ್ಲ.

ಫೆಬ್ರವರಿ 11, ಮಂಗಳವಾರ

ಒಬ್ಬಾಕೆ ಸ್ನಾನದ ಕೋಣೆಯಲ್ಲಿ ತಲೆ ಸುತ್ತಿ ಬಿದ್ದಳು. ಪಾಳಿಯಲ್ಲಿ ನಾನೊಬ್ಬಳೇ ಇದ್ದೆ. ಎತ್ತಿದೆ. ಎತ್ತಬಾರದಿತ್ತು. ಹಾಗೇ ಬಿಡಲೂ ಆಗುತ್ತಿರಲಿಲ್ಲ.

ಮನೆಗೆ ಬಂದು ವಿಟೆಕ್‌ಗೆ ಹೇಳಲಿಲ್ಲ.

ಫೆಬ್ರವರಿ 17, ಸೋಮವಾರ

ಇಲ್ಲ.

ಬೆಳಿಗ್ಗೆ ಪಾಳಿಗೆ ಮುಂಚೆ ಪರೀಕ್ಷೆಗೆ ರಕ್ತ ಕೊಟ್ಟಿದ್ದೆ. ಮಧ್ಯಾಹ್ನ ಹೆರಿಗೆ ಕೋಣೆಯಲ್ಲಿ ಕೈಗವಸು ಹಾಕಿಕೊಂಡಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ಮಗುವನ್ನು ಒರೆಸಿ, ತಾಯಿಯ ಎದೆಯ ಮೇಲಿಟ್ಟು, ಬಳ್ಳಿ ಕತ್ತರಿಸಿ, ತೂಕ ಬರೆದು, ಆಮೇಲೆ ನೋಡಿದೆ. ಹೆಣ್ಣು, ಮೂರು ಕಿಲೋ ನಾನೂರು. ಅಂಕಿ ತಪ್ಪಾಗಿ ಓದಿದೆನೇನೋ ಎಂದು ಎರಡು ಸಲ ನೋಡಿದೆ. ಮಗುವಿನದಲ್ಲ, ನನ್ನದು.

ವಿಟೆಕ್‌ಗೆ ಫೋನಿನಲ್ಲೇ ಹೇಳಿದೆ. ಹೂಂ ಅಂದ. ಪಾಳಿ ಮುಗಿಸಿ ಮನೆಗೆ ಬಂದಾಗ ಅವನು ಹೊರಗೆ ನಿಂತು ಕಾರಿನ ಗಾಜಿನ ಮಂಜು ಕೆರೆಯುತ್ತಿದ್ದ. ಎಲ್ಲಿಗೂ ಹೋಗುವುದಿರಲಿಲ್ಲ. ನಾನೂ ಒಂದು ಕಡೆಯಿಂದ ಕೆರೆದೆ. "ಎತ್ತಿದ್ದಕ್ಕೇ ಹೀಗಾಯ್ತಾ?" ಎಂದು ನಾನು ಯಾರನ್ನು ಕೇಳಲಿ? ಡಾಕ್ಟರು ಇಲ್ಲ ಎನ್ನುತ್ತಾರೆ. ಮೇಲಿನ ಮಹಡಿಗೆ ಹೋಗಿ, ರಜೆ ಹಾಕಿ, ಮನೆಯಲ್ಲಿ ಕೂತಿದ್ದರೂ ಇದೇ ಆಗುತ್ತಿತ್ತೋ ಏನೋ. ಅದು ಇನ್ನು ಯಾವತ್ತೂ ಗೊತ್ತಾಗುವುದಿಲ್ಲ.

ಫೆಬ್ರವರಿ 21, ಶುಕ್ರವಾರ

ಮಾರ್ಚ್ ತಿಂಗಳ ಪಾಳಿಯ ಹಾಳೆ ಬಂತು. ಕಾಯಂ ಇದ್ದಾಗ ಪಾಳಿಯನ್ನು ಮೇಲಿನವರು ಬರೆಯುತ್ತಿದ್ದರು. ಈಗ ಪ್ರತಿಯೊಬ್ಬರೂ ತಾವು ಬರಲಾಗದ ದಿನಗಳಿಗೆ ಅಡ್ಡಗೆರೆ ಎಳೆದು ಕೊಡಬೇಕು. ಮಿಕ್ಕ ದಿನಗಳಲ್ಲಿ ಅವರಿಗೆ ಬೇಕಾದಾಗ ಕರೆಯುತ್ತಾರೆ. ಹಾಳೆ ತುಂಬುವ ಕೆಲಸ ಈ ಸಲ ಲುಟ್ಸಿನಾಳದು. ಅವಳಿಗೆ ಫಲಿತಾಂಶ ಗೊತ್ತು, ನಾನು ಹೇಳಿರಲಿಲ್ಲ, ಮುಖ ನೋಡಿ ತಿಳಿದುಕೊಂಡಿದ್ದಳು.

"ನಿನಗೆ ಯಾವ್ಯಾವ ದಿನ ಬೇಡ, ಹೇಳು."

ಆರು ವರ್ಷದಿಂದ ಪ್ರತಿ ತಿಂಗಳೂ ನನಗೆ ಎರಡು ಮೂರು ದಿನ ಬೇಕಾಗುತ್ತಿತ್ತು. ರಕ್ತ ಪರೀಕ್ಷೆಗೆ, ಸ್ಕ್ಯಾನಿಗೆ, ಇಲ್ಲವೇ ಸುಮ್ಮನೆ ಕ್ಯಾಲೆಂಡರಿನಲ್ಲಿ ಎಣಿಸಿಟ್ಟ ಆ ದಿನಗಳಿಗೆ. ಆ ದಿನ ಯಾರ ಹತ್ತಿರವಾದರೂ ಜಗಳವಾಡಿಯಾದರೂ ಬಿಡಿಸಿಕೊಳ್ಳುತ್ತಿದ್ದೆ. ಮಾರ್ಚಿನ ಮೂವತ್ತೊಂದು ಚೌಕಗಳನ್ನು ಒಂದೊಂದಾಗಿ ನೋಡಿದೆ.

"ಎಲ್ಲ ದಿನವೂ ಬರ್ತೀನಿ," ಅಂದೆ.

"ಭಾನುವಾರ?"

"ಭಾನುವಾರನೂ."

ಲುಟ್ಸಿನಾ ಪೆನ್ನು ತೆಗೆದುಕೊಂಡಳು. ಆಮೇಲೆ ನನ್ನ ಹೆಸರಿನ ಸಾಲಿನಲ್ಲಿ, ಹದಿನಾರನೆಯ ತಾರೀಕಿನ ಭಾನುವಾರಕ್ಕೆ, ತಾನೇ ಒಂದು ಗೆರೆ ಎಳೆದಳು.

"ಆವತ್ತು ನಾನೇನು ಮಾಡ್ಲಿ?" ಅಂದೆ.